ಹಾಯಿದೋಣಿಗೊಂದು ಯಂತ್ರದ ಅಂಬಿಗ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಅಡವಿಯಲ್ಲಿ ಹುಟ್ಟಿ ಗೋವೆಗೆ ಹರಿದುಹೋಗುವ ಮಹಾದಾಯಿ ನದಿಯ ಹೆಸರನ್ನು ನಮ್ಮ ವಾಚಕರಲ್ಲಿ ಕೇಳದವರಿಲ್ಲ. ಆದರೆ ಅದೇ ಹೆಸರನ್ನು ಹೊತ್ತ ಹಾಯಿಹಡಗೊಂದು ಭೂಮಂಡಲವನ್ನು ಪ್ರದಕ್ಷಿಣೆ ಮಾಡಿ ಬಂದಿರುವ ಸಂಗತಿ ಬಹುಜನರಿಗೆ ತಿಳಿದಿರಲಾರದು. ಭಾರತೀಯ ನೌಕಾದಳಕ್ಕಾಗಿ ಗೋವೆಯಲ್ಲಿ ನಿರ್ಮಾಣವಾದ ‘ಮ್ಹಾದೇಯಿ’ಯನ್ನೇರಿ ದಿಲೀಪ ದೊಂಡೆ ಅವರು 2009-10ರಲ್ಲಿ ಅಲ್ಲಲ್ಲಿ ತಂಗುತ್ತ, ಅಭಿಲಾಷ್ ಟೋಮಿ ಅವರು 2012-13ರಲ್ಲಿ ಎಲ್ಲಿಯೂ ದಡ ಮುಟ್ಟದೆ, ಏಕಾಕಿಗಳಾಗಿ ಜಗತ್ತನ್ನು ಸುತ್ತಿ ಬಂದರು. ಟೋಮಿಯವರ ಯಾನ ಸುಮಾರು 150 ದಿನಗಳದು.

ಇಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಮನುಷ್ಯನಿಗೆ ನಿದ್ರೆ ಬೇಕು, ಊಟ ಬೇಕು. ಹರಿದ ಹಾಯಿಯನ್ನು ಹೊಲಿಯಬೇಕು. ಆಗೆಲ್ಲ ಚುಕ್ಕಾಣಿಯನ್ನು ಹಿಡಿಯುವವರಾರು? ಸಾಗರಯಾನದ ಸಾಹಸಗಳನ್ನು ಹಾಡಿ ಹೊಗಳುವವರು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಇಬ್ಬರೇ ದಂಪತಿಗಳು ಮೂವತ್ತು ಅಡಿಯ ಪುಟ್ಟ ದೋಣಿಯಲ್ಲಿ ಹೊರಟರೂ ಚಿಂತೆ ಇದೇ. ದಣಿದ ಕಣ್ಣು ರಾತ್ರಿಯ ಮೂರನೆಯ ಜಾವದಲ್ಲಿ ದಿಕ್ಸೂಚಿಯನ್ನು ತಪ್ಪಾಗಿ ಓದುತ್ತದೆ. ಆ ತಪ್ಪಿಗೆ ಕಡಲು ಕೊಡುವ ಶಿಕ್ಷೆ ಕಠಿಣವಾದುದು. ಆದುದರಿಂದ ಚುಕ್ಕಾಣಿಯನ್ನು ತಾನೇ ಹಿಡಿಯುವ ಯಂತ್ರ, ಅಂದರೆ ಆಟೋಪೈಲಟ್, ಸುಖಸಾಧನವಲ್ಲ, ಪ್ರಾಣರಕ್ಷಣೆಯ ಸಾಧನ. ಅದನ್ನು ಆರಿಸುವ ಬಗೆಯನ್ನೂ ಅದಕ್ಕೆ ವಿದ್ಯುತ್ತನ್ನು ಒದಗಿಸುವ ಬಗೆಯನ್ನೂ ಇಲ್ಲಿ ವಿವೇಚಿಸಲು ನಾವು ಬಯಸುತ್ತೇವೆ.

ಯಂತ್ರವಿಲ್ಲದ ಕಾಲದಲ್ಲಿಯೂ ದೋಣಿಗಳು ತಾವೇ ನಡೆದಿವೆ. ಜೋಶುವಾ ಸ್ಲೋಕಮ್ 1895ರಿಂದ 1898ರವರೆಗೆ ‘ಸ್ಪ್ರೇ’ ಎಂಬ ದೋಣಿಯಲ್ಲಿ ಒಬ್ಬನೇ ಜಗತ್ತನ್ನು ಸುತ್ತಿದಾಗ ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದು, ಹಾಯಿಗಳನ್ನು ಹದಮಾಡಿ, ತಾನು ಒಳಗೆ ಹೋಗಿ ಮಲಗುತ್ತಿದ್ದನು. ಎಲ್ಲ ದೋಣಿಗಳೂ ಅಷ್ಟು ಸುಶೀಲವಲ್ಲ. 1960ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬೊಬ್ಬರಾಗಿ ದಾಟುವ ಮೊದಲ ಪಂದ್ಯ ನಡೆದಾಗ ಗಾಳಿಯ ಬಲದಿಂದಲೇ ಚುಕ್ಕಾಣಿಯನ್ನು ತಿರುಗಿಸುವ ಪಟದ ಯಂತ್ರವು, ಅಂದರೆ ವಿಂಡ್‌ವೇನ್, ಜಗತ್ತಿನ ಗಮನವನ್ನು ಸೆಳೆಯಿತು. ಆ ಪಂದ್ಯವನ್ನು 40 ದಿನಗಳಲ್ಲಿ ಗೆದ್ದ ಫ್ರಾನ್ಸಿಸ್ ಚಿಚೆಸ್ಟರ್ ತನ್ನ ಯಂತ್ರಕ್ಕೆ ‘ಮಿರಾಂಡಾ’ ಎಂದು ಹೆಣ್ಣಿನ ಹೆಸರನ್ನೇ ಇಟ್ಟಿದ್ದನು. 1964ರ ಪಂದ್ಯದಲ್ಲಿ ಫ್ರಾನ್ಸಿನ ಎರಿಕ್ ತಬಾರ್ಲಿಯ ಯಂತ್ರ ಎಂಟೇ ದಿನಕ್ಕೆ ಕೆಟ್ಟಿತು. ಉಳಿದ ದಾರಿಯನ್ನು ಅರೆನಿದ್ರೆಯಲ್ಲಿಯೇ ಕ್ರಮಿಸಿ ಆತ 27 ದಿನಗಳಲ್ಲಿ ಗೆದ್ದನು. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ‘ಸುಹೇಲಿ’ಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಮೊತ್ತಮೊದಲ ಬಾರಿಗೆ ತಡೆಯಿಲ್ಲದೆ ಒಂಟಿಯಾಗಿ ಜಗತ್ತನ್ನು ಸುತ್ತಿದಾಗಲೂ ಪಟದ ಯಂತ್ರ ಆಸ್ಟ್ರೇಲಿಯಾದ ಬಳಿ ಮುರಿದುಬಿತ್ತು. ಆತ ಹಾಯಿಗಳ ಹದವನ್ನೇ ನಂಬಿ ಮನೆ ಸೇರಿದನು.

ವಿದ್ಯುತ್ ಯಂತ್ರದ ಬುದ್ಧಿಯ ಮೂಲ ಇನ್ನೂ ಹಿಂದಿನದು. ನಿಕೊಲಸ್ ಮಿನೋರ್ಸ್ಕಿ ಎಂಬ ವಿಜ್ಞಾನಿ ಅಮೆರಿಕದ ನೌಕಾದಳಕ್ಕಾಗಿ ದುಡಿಯುತ್ತಿದ್ದಾಗ ನುರಿತ ಚುಕ್ಕಾಣಿಗನ ಕೈಚಳಕವನ್ನು ಸೂಕ್ಷ್ಮವಾಗಿ ಪರಿಶೀಲಿಸಿ 1922ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಒಳ್ಳೆಯ ಚುಕ್ಕಾಣಿಗನು ಹಡಗು ಈಗ ಎಷ್ಟು ದಿಕ್ಕು ತಪ್ಪಿದೆ ಎಂಬುದನ್ನು ಮಾತ್ರ ನೋಡುವುದಿಲ್ಲ. ಎಷ್ಟು ವೇಗವಾಗಿ ತಪ್ಪುತ್ತಿದೆ, ಎಷ್ಟು ಹೊತ್ತಿನಿಂದ ಒಂದೇ ಕಡೆಗೆ ಜಾರುತ್ತಿದೆ ಎಂಬುದನ್ನೂ ಗಣಿಸುತ್ತಾನೆ. ಈ ಮೂರನ್ನೂ ಗಣಿತದಲ್ಲಿ ಹಿಡಿದಿಟ್ಟುದೇ ಇಂದಿನ ಆಟೋಪೈಲಟ್‌ಗಳ ತಿರುಳು. ಪಂಡಿತನು ನುರಿತ ನಾವಿಕನ ಕೈಯನ್ನು ನೋಡಿ ಶಾಸ್ತ್ರ ರಚಿಸಿದ ಈ ಪ್ರಸಂಗ ನಮಗೆ ಬಹಳ ಪ್ರಿಯವಾದುದು.

ಇನ್ನು ಆಯ್ಕೆಯ ವಿಚಾರ. ಸಣ್ಣ ದೋಣಿಗಳಲ್ಲಿ ಚುಕ್ಕಾಣಿಗೆ ಟಿಲ್ಲರ್ ಎಂಬ ಮರದ ಹಿಡಿಗೋಲು ಇರುತ್ತದೆ. ಇದನ್ನು ಅತ್ತಿತ್ತ ನೂಕುವ, ಕೊಳವೆಯಾಕಾರದ ಟಿಲ್ಲರ್ ಪೈಲಟ್ ಅಗ್ಗವೂ ಸರಳವೂ ಆದುದು. ಚಕ್ರವಿರುವ ದೋಣಿಗೆ ಆ ಚಕ್ರವನ್ನೇ ತಿರುಗಿಸುವ ಯಂತ್ರವುಂಟು. ಮೂರನೆಯದು, ಅಟ್ಟಣಿಗೆಯ ಕೆಳಗೆ ಅಡಗಿ ಚುಕ್ಕಾಣಿಯ ಬುಡವನ್ನೇ ಹಿಡಿದು ನಡೆಸುವ ಬಲಿಷ್ಠ ಯಂತ್ರ. ಮೊದಲೆರಡು ಬಿಸಿಲು, ಮಳೆ, ಉಪ್ಪುನೀರುಗಳಿಗೆ ಮೈಯೊಡ್ಡಿ ನಿಲ್ಲಬೇಕು. ದೂರದ ಯಾನಕ್ಕೆ ಮೂರನೆಯದೇ ಲೇಸೆಂಬುದು ನಮ್ಮ ಅಭಿಮತ.

ಕೊಳ್ಳುವವರು ಸಾಮಾನ್ಯವಾಗಿ ಎಡವುವುದು ತೂಕದ ಲೆಕ್ಕದಲ್ಲಿ. ದೋಣಿಯ ಕಾಗದಪತ್ರಗಳಲ್ಲಿ ಬರೆದಿರುವುದು ಬರಿದಾದ ದೋಣಿಯ ತೂಕ. ಕುಡಿಯುವ ನೀರು, ಇಂಧನ, ಲಂಗರಿನ ಸರಪಳಿ, ದಿನಸಿ, ಜನ ಎಲ್ಲವೂ ಸೇರಿದರೆ ಸಾವಿರ ಕಿಲೋ ಹೆಚ್ಚಾಗುವುದು ಏನೂ ದೊಡ್ಡದಲ್ಲ. ರೇಮರೀನ್ ಸಂಸ್ಥೆಯ ಎಸ್.ಟಿ. 2000 ಎಂಬ ಪ್ರಸಿದ್ಧ ಟಿಲ್ಲರ್ ಪೈಲಟ್‌ಗೆ ವಿಧಿಸಿರುವ ಮಿತಿ ಸುಮಾರು 4500 ಕಿಲೋ. ಕಾಗದದ ಮೇಲೆ 4000 ಕಿಲೋ ಇರುವ ದೋಣಿಗೆ ಇದು ಸಾಕೆಂದು ತೋರುತ್ತದೆ. ಹೇರು ತುಂಬಿದಾಗ ಅದೇ ದೋಣಿ 5000 ಕಿಲೋ ಆಗಿರುತ್ತದೆ. ತುಂಬಿದ ತೂಕಕ್ಕಿಂತ ಕಾಲುಭಾಗದಷ್ಟು ಹೆಚ್ಚು ಸಾಮರ್ಥ್ಯವಿರುವ ಯಂತ್ರವನ್ನು ಕೊಳ್ಳುವುದು ಲೇಸು. ತಿಳಿಗಡಲಿನಲ್ಲಿ ಯಾವ ಯಂತ್ರವೂ ನಡೆಸೀತು. ಹಿಂದಿನಿಂದ ದೊಡ್ಡ ಅಲೆಗಳು ಬಂದು ದೋಣಿಯ ಹಿಂಭಾಗವನ್ನು ಪಕ್ಕಕ್ಕೆ ಎಸೆಯುವಾಗ ದುರ್ಬಲ ಯಂತ್ರ ತಡವಾಗಿ ಎಚ್ಚೆತ್ತುಕೊಳ್ಳುತ್ತದೆ.

ವಿದ್ಯುತ್ತಿನ ಲೆಕ್ಕವನ್ನು ಯಂತ್ರ ಕೊಳ್ಳುವ ಮುನ್ನವೇ ಮಾಡಬೇಕು, ಕೊಂಡ ಮೇಲಲ್ಲ. ಇದನ್ನು ನಾವು ಒತ್ತಿ ಹೇಳುತ್ತೇವೆ. ಟಿಲ್ಲರ್ ಪೈಲಟ್ ಸರಾಸರಿ ಒಂದು ಆಂಪಿಯರ್‌ನಷ್ಟು ವಿದ್ಯುತ್ತನ್ನು ಬಳಸಿದರೆ, ಅಟ್ಟಣಿಗೆಯ ಕೆಳಗಿನ ಯಂತ್ರ ಮೂರು ಆಂಪಿಯರ್ ಬಳಸೀತು. ಕಡಲು ಕೆರಳಿದಾಗ ಇನ್ನೂ ಹೆಚ್ಚು. ಮೂರು ಆಂಪಿಯರ್‌ನಂತೆ ಇಪ್ಪತ್ತನಾಲ್ಕು ಗಂಟೆಗೆ 72 ಆಂಪಿಯರ್-ಗಂಟೆ. ನಮ್ಮ ಮನೆಗಳ ಇನ್ವರ್ಟರಿಗೆ ಜೋಡಿಸುವ 150 ಆಂಪಿಯರ್-ಗಂಟೆಯ ಬ್ಯಾಟರಿ ಎಲ್ಲರಿಗೂ ಪರಿಚಿತವೇ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಹಾಗಾಗಿ ಅಂಥ ಒಂದು ಬ್ಯಾಟರಿ ಚುಕ್ಕಾಣಿಯೊಂದಕ್ಕೇ ಒಂದು ದಿನಕ್ಕೆ ಮುಗಿಯಿತು. ದೀಪ, ರೇಡಿಯೋ, ದಿಕ್ಕು ತೋರುವ ಉಪಕರಣಗಳ ಖರ್ಚು ಬೇರೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಬೆಲೆಯಲ್ಲಿ ದುಬಾರಿಯಾದರೂ ತೂಕದಲ್ಲಿ ಹಗುರ. ತುಂಬಿದ್ದರಲ್ಲಿ ಶೇಕಡಾ 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು.

ಖರ್ಚಾದುದನ್ನು ಮರಳಿ ತುಂಬುವುದೆಂತು? ನೂರು ವ್ಯಾಟ್‌ನ ಸೌರಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 25ರಿಂದ 30 ಆಂಪಿಯರ್-ಗಂಟೆ ಕೊಟ್ಟೀತು. ಹಾಯಿಯ ನೆರಳು ಒಂದು ಮೂಲೆಯ ಮೇಲೆ ಬಿದ್ದರೂ ಇಳುವರಿ ತಟ್ಟನೆ ಇಳಿಯುತ್ತದೆ. ಮೇಲಿನ 72ನ್ನು ತುಂಬಲು ಮೂರು ಫಲಕಗಳಾದರೂ ಬೇಕೆಂದಾಯಿತು. ಗಾಳಿಯಂತ್ರವನ್ನು ನಂಬುವವರು ಒಂದು ಸಂಗತಿಯನ್ನು ಗಮನಿಸಬೇಕು: ಗಾಳಿ ಬೆನ್ನಿಗಿದ್ದು ದೋಣಿಯೂ ಅದೇ ದಿಕ್ಕಿಗೆ ಓಡುತ್ತಿದ್ದರೆ ಯಂತ್ರಕ್ಕೆ ತಾಗುವ ಗಾಳಿ ಬಹಳ ಕಡಿಮೆ. ನೀರಿನಲ್ಲಿ ಸುತ್ತುವ ಸಣ್ಣ ಚಕ್ರದಿಂದ ವಿದ್ಯುತ್ತು ಪಡೆಯುವ ಸಾಧನ ಹಗಲಿರುಳೂ ದುಡಿಯುತ್ತದೆ. ಅದಕ್ಕೆ ದೋಣಿಯ ವೇಗದಲ್ಲಿ ಸ್ವಲ್ಪ ತೆರಿಗೆ ಕೊಡಬೇಕು. ಎಂಜಿನ್ನಿನಿಂದ ತುಂಬಿಸುವುದು ಕೊನೆಯ ಉಪಾಯವೆಂದೇ ಇರಲಿ.

ಉಳಿತಾಯದ ನಿಜವಾದ ಗುಟ್ಟು ಬ್ಯಾಟರಿಯಲ್ಲಿಲ್ಲ, ಹಾಯಿಯಲ್ಲಿದೆ. ಹೇರನ್ನು ಹದವಾಗಿ ಹಾಕದ ಗಾಡಿಯಲ್ಲಿ ಎತ್ತಿನ ಹೆಗಲು ಬೇಗ ಹುಣ್ಣಾಗುವಂತೆ, ಹಾಯಿಗಳು ಹದತಪ್ಪಿದ ದೋಣಿಯಲ್ಲಿ ಯಂತ್ರ ಸದಾ ಒಂದೇ ಕಡೆಗೆ ಜಗ್ಗುತ್ತ ವಿದ್ಯುತ್ತನ್ನು ನುಂಗುತ್ತದೆ. ಗಾಳಿ ಬಲವಾದೊಡನೆ ದೊಡ್ಡ ಹಾಯಿಯನ್ನು ಕುಗ್ಗಿಸಿದರೆ ಚುಕ್ಕಾಣಿ ಹಗುರವಾಗುತ್ತದೆ. ಸ್ವತಃ ಕೈಯಲ್ಲಿ ಹಿಡಿದು ನೋಡಿ, ಎರಡು ಬೆರಳಿಗೆ ದಣಿವಾಗದಿದ್ದರೆ ಯಂತ್ರಕ್ಕೊಪ್ಪಿಸಬಹುದು. ಸಣ್ಣಪುಟ್ಟ ತೊನೆದಾಟಕ್ಕೆಲ್ಲ ಉತ್ತರ ಕೊಡದಂತೆ ಯಂತ್ರದ ಸೂಕ್ಷ್ಮತೆಯನ್ನು ತಗ್ಗಿಸಿಡುವುದೂ ಒಳ್ಳೆಯದೇ. ಪಟದ ಯಂತ್ರವಿರುವ ದೋಣಿಯಲ್ಲಿ ಇನ್ನೊಂದು ಉಪಾಯವಿದೆ: ಅತಿ ಸಣ್ಣ ಟಿಲ್ಲರ್ ಪೈಲಟ್ ಒಂದನ್ನು ಚುಕ್ಕಾಣಿಗೆ ಕಟ್ಟದೆ ಆ ಯಂತ್ರದ ಪಟಕ್ಕೆ ಕಟ್ಟುವುದು. ಬುದ್ಧಿ ವಿದ್ಯುತ್ತಿನದು, ಬಲ ನೀರಿನದು, ಖರ್ಚು ಅತ್ಯಲ್ಪ. ಮಂದಗಾಳಿ ಬೆನ್ನಿಗಿರುವಾಗ ಪಟದ ಯಂತ್ರ ಸೋಲುತ್ತದೆ. ಆ ಕೊರತೆಯೂ ಇದರಿಂದ ನೀಗುತ್ತದೆ.

ಜೋಡಣೆಯಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಯಂತ್ರದ ದಿಕ್ಸೂಚಿಯನ್ನು ಎಂಜಿನ್, ಧ್ವನಿವರ್ಧಕ, ಕಬ್ಬಿಣದ ಸಾಮಾನುಗಳಿಂದ ದೂರ, ದೋಣಿಯ ನಡುಭಾಗದಲ್ಲಿ ತಗ್ಗಾಗಿ ಇಡಬೇಕು. ಪಕ್ಕದ ಪೆಟ್ಟಿಗೆಯಲ್ಲಿಟ್ಟ ತಗಡಿನ ಡಬ್ಬಿಗಳೂ ಅದನ್ನು ಮೋಸಗೊಳಿಸಬಲ್ಲವು. ಎರಡನೆಯದಾಗಿ, ಬ್ಯಾಟರಿಯಿಂದ ಬರುವ ತಂತಿ ದಪ್ಪನಾಗಿರಬೇಕು. ಸಣ್ಣ ತಂತಿಯಲ್ಲಿ ಸೋರಿಹೋಗುವ ವೋಲ್ಟೇಜ್, ಯಂತ್ರ ಹೆಚ್ಚು ಬಲ ಹಾಕಬೇಕಾದ ಗಳಿಗೆಯಲ್ಲಿಯೇ ಅದನ್ನು ಮಂಕುಮಾಡಿ ಚುಕ್ಕಾಣಿಯನ್ನು ಕೈಬಿಡಿಸುತ್ತದೆ.

ಈ ಅಂಬಿಗನ ಕುರುಡುತನವನ್ನೂ ಬಲ್ಲವರಾಗಬೇಕು. ದಿಕ್ಸೂಚಿಯನ್ನು ಅನುಸರಿಸುವಂತೆ ಇಟ್ಟರೆ, ಗಾಳಿ ತಿರುಗಿದರೂ ಯಂತ್ರ ದಿಕ್ಕನ್ನು ಬಿಡದು; ಆಗ ಬೂಮ್ ಎಂಬ ಅಡಿಗೋಲು ರಭಸದಿಂದ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಬೀಸಿ ತಲೆಯೊಡೆದೀತು. ಗಾಳಿಯನ್ನು ಅನುಸರಿಸುವಂತೆ ಇಟ್ಟರೆ, ಗಾಳಿ ತಿರುಗಿದಂತೆ ದೋಣಿಯೂ ತಿರುಗಿ ಸದ್ದಿಲ್ಲದೆ ಬಂಡೆಗಳ ಕಡೆಗೆ ನಡೆದೀತು. ಎಲ್ಲಕ್ಕಿಂತ ಭಯಂಕರವಾದುದು ಮತ್ತೊಂದು: ಒಂಟಿ ನಾವಿಕನು ಕಾಲುಜಾರಿ ನೀರಿಗೆ ಬಿದ್ದರೆ ಯಂತ್ರ ಅದನ್ನರಿಯದು. ಅದು ಅಣುಮಾತ್ರ ಲೋಪವಿಲ್ಲದೆ ಕರ್ತವ್ಯವನ್ನು ಮಾಡುತ್ತ ದೋಣಿಯನ್ನು ಅವನಿಂದ ದೂರ ಒಯ್ಯುತ್ತದೆ. ಆದುದರಿಂದ ಸೊಂಟಪಟ್ಟಿಯನ್ನು ಧರಿಸಿ, ಅದರ ಹಗ್ಗವನ್ನು ದೋಣಿಗೆ ಸಿಕ್ಕಿಸದೆ ಅಟ್ಟಣಿಗೆಗೆ ಕಾಲಿಡಬಾರದು.

1972ರ ಅಂತರರಾಷ್ಟ್ರೀಯ ನೌಕಾನಿಯಮಗಳಲ್ಲಿ ಐದನೆಯದು, ಪ್ರತಿಯೊಂದು ನೌಕೆಯೂ ಸದಾಕಾಲ ಕಣ್ಣು ಕಿವಿಗಳಿಂದ ಕಾವಲು ಕಾಯಬೇಕೆಂದು ವಿಧಿಸುತ್ತದೆ. ಚುಕ್ಕಾಣಿಯನ್ನು ಯಂತ್ರಕ್ಕೆ ಕೊಡಬಹುದು, ಕಾವಲನ್ನು ಕೊಡಲಾಗದು. ಆರು ಮೈಲಿ ದೂರದಲ್ಲಿ ಕಂಡ ಹಡಗು ಗಂಟೆಗೆ ಇಪ್ಪತ್ತು ನಾಟಿಕಲ್ ಮೈಲಿ ವೇಗದಲ್ಲಿ ಬಂದರೆ ಹದಿನೆಂಟು ನಿಮಿಷಗಳಲ್ಲಿ ತಲೆಯ ಮೇಲಿರುತ್ತದೆ. ಒಂಟಿ ನಾವಿಕರು ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಸುತ್ತ ನೋಡುವ ರೂಢಿ ಇದರಿಂದಲೇ ಬಂದುದು. ಹಡಗುಗಳು ಸಮೀಪಿಸಿದಾಗ ಕೂಗಿ ಎಬ್ಬಿಸುವ ಎ.ಐ.ಎಸ್. ಎಂಬ ಉಪಕರಣ ಈಗ ಸಣ್ಣ ದೋಣಿಗಳಲ್ಲಿಯೂ ಬಳಕೆಯಲ್ಲಿದೆ. ಅದೂ ಅದೇ ಬ್ಯಾಟರಿಯಿಂದಲೇ ಬದುಕಬೇಕು. ದಿನದ ವಿದ್ಯುತ್ತಿನ ಲೆಕ್ಕ ಬರೆಯುವಾಗ ಅದಕ್ಕೂ ಒಂದು ಸಾಲನ್ನು ಬಿಟ್ಟಿರಬೇಕು.