ಪ್ಲಾಸ್ಟರ್ ಬಿಚ್ಚಿದ ಮೇಲೂ ಮಗುವಿನ ಮೂಳೆ ನೋಡುತ್ತಿರಿ

ಮರದಿಂದಲೋ ಸೈಕಲ್‌ನಿಂದಲೋ ಬಿದ್ದ ಹತ್ತು ವರ್ಷದ ಹುಡುಗನ ಮಣಿಕಟ್ಟು ಊದಿಕೊಂಡರೆ ಮನೆಯಲ್ಲಿ ಮೊದಲು ಬರುವ ಮಾತು ‘ಉಳುಕಿರಬೇಕು’. ಎಣ್ಣೆ ಬಿಸಿ ಮಾಡಿ ನೀವುವುದೂ ಶುರುವಾಗುತ್ತದೆ. ದೊಡ್ಡವರಲ್ಲಾದರೆ ಆ ಊಹೆ ನಿಜವಿರಬಹುದು. ಬೆಳೆಯುವ ಮಕ್ಕಳಲ್ಲಿ ಕೀಲನ್ನು ಬಿಗಿಹಿಡಿಯುವ ರಜ್ಜುಗಳಿಗಿಂತ ಮೂಳೆಯ ತುದಿಯಲ್ಲಿರುವ ಬೆಳವಣಿಗೆ ಫಲಕ, ಅಂದರೆ ಗ್ರೋತ್ ಪ್ಲೇಟ್, ದುರ್ಬಲ. ದೊಡ್ಡವರಿಗೆ ಉಳುಕು ತರುವ ಪೆಟ್ಟಿಗೆ ಮಗುವಿನ ಫಲಕವೇ ಬಿರಿಯಬಹುದು.

ಈ ಫಲಕ ಮೃದ್ವಸ್ಥಿಯ ತೆಳು ಪದರ. ಎಕ್ಸ್‌ರೇಯಲ್ಲಿ ಮೂಳೆಗೆ ಅಡ್ಡಲಾಗಿ ಕಪ್ಪು ಗೆರೆಯಂತೆ ಕಾಣುತ್ತದೆ. ಕೀಲಿನ ಕಡೆಯ ಜೀವಕೋಶಗಳು ಒಡೆದು ಎರಡಾಗುತ್ತಾ ಸಾಲುಗಟ್ಟುತ್ತವೆ, ಆಮೇಲೆ ಉಬ್ಬುತ್ತವೆ, ಸುಣ್ಣಗಟ್ಟುತ್ತವೆ, ಕೊನೆಗೆ ಅವುಗಳ ಜಾಗದಲ್ಲಿ ಮೂಳೆ ಕೂರುತ್ತದೆ. ಮಗು ಎತ್ತರವಾಗುವುದು ಹೀಗೆ. ಬಿರುಕು ಸಾಮಾನ್ಯವಾಗಿ ಹಾಯುವುದು ಉಬ್ಬಿದ ಕೋಶಗಳ ಪದರದಲ್ಲಿ. ಹೊಸ ಕೋಶ ಹುಟ್ಟಿಸುವ ಪದರ ಮೂಳೆಯ ತುದಿಗೇ ಅಂಟಿಕೊಂಡು, ತನ್ನ ರಕ್ತಪೂರೈಕೆಯೊಂದಿಗೆ ಉಳಿದುಕೊಳ್ಳುತ್ತದೆ. ಹಾಗಾಗಿಯೇ ಇಂಥ ಬಹಳಷ್ಟು ಗಾಯಗಳು 3ರಿಂದ 6 ವಾರಗಳಲ್ಲಿ ಕೂಡಿಕೊಂಡು ಬೆಳವಣಿಗೆ ಮುಂದುವರಿಯುತ್ತದೆ. ಅಲ್ಪಸ್ವಲ್ಪ ವಾಲಿದ್ದರೂ ಬೆಳೆಯುತ್ತಾ ನೇರವಾಗುವ ಶಕ್ತಿ ಚಿಕ್ಕ ಮಕ್ಕಳ ಮೂಳೆಗಿದೆ.

ಬಿರುಕು ಫಲಕವನ್ನೇ ಸೀಳಿ ಕೀಲಿನವರೆಗೆ ಹೋದಾಗ ಮಾತು ಬೇರೆ. ತುಂಡುಗಳು ಕರಾರುವಾಕ್ಕಾಗಿ ಕೂಡದಿದ್ದರೆ ಫಲಕದ ಆಚೀಚೆಯ ಮೂಳೆಗಳ ನಡುವೆ ಎಲುಬಿನ ಸೇತುವೆ ಬೆಳೆಯುತ್ತದೆ. ಸೇತುವೆಯಿದ್ದ ಕಡೆ ಬೆಳವಣಿಗೆ ನಿಂತು, ಉಳಿದ ಕಡೆ ಸಾಗಿ, ಕೈಕಾಲು ಸೊಟ್ಟಗಾಗುತ್ತದೆ. ಟೊರಾಂಟೊದ ಸಾಲ್ಟರ್ ಮತ್ತು ಹ್ಯಾರಿಸ್ 1963ರಲ್ಲಿ ಈ ಗಾಯಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದು ಈ ಅಪಾಯವನ್ನು ಅಳೆಯಲೆಂದೇ. ವೈದ್ಯರು ಇಂದಿಗೂ ಅದನ್ನೇ ಬಳಸುತ್ತಾರೆ. ಐದನೆಯ ಬಗೆಯಲ್ಲಿ ಫಲಕ ಜಜ್ಜಿಹೋಗಿರುತ್ತದೆ. ಮೊದಲ ಎಕ್ಸ್‌ರೇಯಲ್ಲಿ ಅದು ಹೆಚ್ಚಾಗಿ ಕಾಣುವುದೇ ಇಲ್ಲ.

ಯಾವ ಫಲಕ ಎನ್ನುವುದೂ ಮುಖ್ಯ. ತೊಡೆಮೂಳೆಯ ಬೆಳವಣಿಗೆಯಲ್ಲಿ ಸುಮಾರು ಶೇ 70ರಷ್ಟು ಮೊಣಕಾಲಿನ ತುದಿಯಲ್ಲೇ ಆಗುತ್ತದೆ, ವರ್ಷಕ್ಕೆ ಹತ್ತಿರಹತ್ತಿರ 1 ಸೆಂ.ಮೀ. ಹತ್ತರ ಹುಡುಗನಲ್ಲಿ ಅದು ಪೂರ್ತಿ ನಿಂತರೆ, ಬೆಳವಣಿಗೆ ಮುಗಿಯುವ ಹೊತ್ತಿಗೆ ಎರಡು ಕಾಲುಗಳ ನಡುವೆ 5 ಸೆಂ.ಮೀ. ವ್ಯತ್ಯಾಸ ಬಂದೀತು. ಹದಿನೈದರ ಹುಡುಗನಲ್ಲಿ ಅದೇ ಗಾಯದಿಂದ ಅಷ್ಟು ನಷ್ಟವಿಲ್ಲ.

ಗಾಯವಾದ ಕೆಲವು ತಿಂಗಳ ಮೇಲಿನ ಎಕ್ಸ್‌ರೇಯಲ್ಲಿ ಫಲಕದಿಂದ ತುಸು ದೂರದಲ್ಲಿ ತೆಳುವಾದ ಬಿಳಿ ಗೆರೆಯೊಂದು ಮೂಡಿರುತ್ತದೆ. ಬೆಳವಣಿಗೆ ಕೊಂಚ ನಿಂತು ಮತ್ತೆ ಹೊರಟ ಗುರುತು ಅದು. ಫಲಕಕ್ಕೆ ಸಮಾನಾಂತರವಾಗಿದ್ದರೆ ನೆಮ್ಮದಿ. ಒಂದು ಕಡೆ ಓರೆಯಾಗಿ ಫಲಕವನ್ನು ಮುಟ್ಟಿದ್ದರೆ ಅಲ್ಲಿ ಸೇತುವೆ ಕಟ್ಟಿದೆಯೆಂದು ಸಂಶಯಪಡಬೇಕು. ಸೇತುವೆ ಚಿಕ್ಕದಿದ್ದು, ಬೆಳವಣಿಗೆಗೆ ಕನಿಷ್ಠ ಎರಡು ವರ್ಷವಾದರೂ ಬಾಕಿಯಿದ್ದರೆ, ಅದನ್ನು ಕೆತ್ತಿ ತೆಗೆದು ಆ ಜಾಗಕ್ಕೆ ಮಗುವಿನದೇ ಕೊಬ್ಬು ತುಂಬುವ ಶಸ್ತ್ರಚಿಕಿತ್ಸೆಯಿದೆ. ಫಿನ್ಲೆಂಡಿನ ಲಾಂಗೆನ್‌ಶಿಯೋಲ್ಡ್ ತೋರಿಸಿಕೊಟ್ಟ ದಾರಿ ಇದು. ಆದರೆ ಹೊತ್ತಿಗೆ ಸರಿಯಾಗಿ ಗೊತ್ತಾಗಬೇಕು.

ನನಗೆ ಹೆಚ್ಚು ಕಳವಳ ತರುವುದು ತಡವಾಗಿ ಎಳೆದು ಕೂಡಿಸುವ ಪ್ರಯತ್ನ. ವಾರ ಹತ್ತು ದಿನ ಕಳೆದ ಮೇಲೆ ಜಗ್ಗಿದರೆ, ಕೂಡಿಕೊಳ್ಳುತ್ತಿರುವ ಫಲಕಕ್ಕೆ ಹೊಸ ಪೆಟ್ಟು ಬೀಳುತ್ತದೆ. ದಯವಿಟ್ಟು ಮಗುವಿನ ಕೀಲಿನ ಬಳಿ ಊತವಿದ್ದರೆ ನೀವಬೇಡಿ, ಅಂದೇ ಮೂಳೆ ವೈದ್ಯರಿಗೆ ತೋರಿಸಿ. ಪ್ಲಾಸ್ಟರ್ ಬಿಚ್ಚಿದ ದಿನವೇ ಮುಂದಿನ ಎಕ್ಸ್‌ರೇ ಯಾವಾಗ ಎಂದು ಕೇಳಿ, ಕನಿಷ್ಠ ಒಂದು ವರ್ಷ ತಪಾಸಣೆ ತಪ್ಪಿಸಬೇಡಿ.