ಕಥೆ ಹೇಳಿದ್ರೆ ಕಾಸು ಬರುತ್ತಾ ಸ್ವಾಮಿ?

ಗಾಂಧಿನಗರದ ಒಂದು ಲಾಡ್ಜ್ ರೂಮು. ಮಂಚದ ಮೇಲೆ ನಿರ್ಮಾಪಕರು, ಚಾಪೆ ಮೇಲೆ ನಾನು. "ಹೂಂ, ಶುರು ಮಾಡಪ್ಪಾ" ಅಂದರು. ಎರಡೂವರೆ ಗಂಟೆ ಕಥೆ ಹೇಳಿದೆ. ನಾನೇ ಹೀರೋ, ನಾನೇ ವಿಲನ್. ತಾಯಿ ಸಾಯುವ ಸೀನಿನಲ್ಲಿ ನಿಜವಾಗಿಯೂ ಅತ್ತೆ! ಹಿನ್ನೆಲೆ ಸಂಗೀತವೂ ನನ್ನ ಬಾಯಲ್ಲೇ. "ಭೇಷ್! ಹೇಳಿ ಕಳಿಸ್ತೀನಿ" ಎಂದರು. ಸಿಕ್ಕಿದ್ದು ಒಂದು ಬೈಟೂ ಕಾಫಿ.

ವರ್ಷ ಕಳೆಯಿತು. ಮೆಜೆಸ್ಟಿಕ್ಕಿನ ಥಿಯೇಟರಿನಲ್ಲಿ ಹೊಸ ಚಿತ್ರ ನೋಡುತ್ತಾ ಕೂತಿದ್ದೆ. ಇಂಟರ್‌ವಲ್ ಹೊತ್ತಿಗೆ ಮೈಯೆಲ್ಲ ಬೆವರು. ತೆರೆಯ ಮೇಲೆ ಓಡುತ್ತಿದ್ದುದು ನನ್ನ ಕಥೆ! ಟೈಟಲ್ ಕಾರ್ಡಿನಲ್ಲಿದ್ದದ್ದು ಬೇರೊಬ್ಬರ ಹೆಸರು. ತಾಯಿಯ ಸೀನಿಗೆ ಪಕ್ಕದ ಹುಡುಗ ಕಣ್ಣೊರೆಸಿಕೊಂಡ. ನನಗೆ ಬಂದ ಸಂಭಾವನೆ ಅಷ್ಟೇ. ಆ ನಿರ್ಮಾಪಕರು ಯಾರು ಅಂತ ಕೇಳಬೇಡಿ, ಹೇಳೋಲ್ಲ.

ಊರಿಗೆ ಹೋಗಿ ಸೋದರಮಾವನ ಮುಂದೆ ಗೋಳಾಡಿದೆ. ಅವರು ಹರಿಕಥೆ ದಾಸರು. ನಕ್ಕುಬಿಟ್ಟರು! "ಲೋ ಪೆದ್ದೇ, ಸೀತಾಕಲ್ಯಾಣದಲ್ಲಿ ರಾಮ ಬಿಲ್ಲಿಗೆ ಕೈ ಹಾಕಿದ ಕೂಡಲೇ ನಾನು ಚಿಟಿಕೆ ನಿಲ್ಲಿಸಿ ಆರತಿ ತಟ್ಟೆ ಕಳಿಸ್ತೀನಿ. ಬಿಲ್ಲು ಮುರಿದ ಮೇಲೆ ಯಾವನೋ ಕಾಸು ಹಾಕ್ತಾನೆ?"

ನನ್ನ ಕಣ್ಣು ತೆರೆದದ್ದು ಅಂದೇ.

1972ರ 'ನಾಗರಹಾವು' ತ.ರಾ.ಸು. ಕಾದಂಬರಿಗಳಿಂದ ಬಂತು. ಅದೇ ವರ್ಷದ 'ಬಂಗಾರದ ಮನುಷ್ಯ' ಟಿ.ಕೆ. ರಾಮರಾವ್ ಕಾದಂಬರಿಯಿಂದ. ಅಚ್ಚಾದ ಪುಸ್ತಕವಿತ್ತು, ಕಥೆ ಯಾರದೆಂದು ಲೋಕಕ್ಕೇ ಗೊತ್ತಿತ್ತು. ಲಾಡ್ಜ್ ರೂಮಿನ ಬಾಯಿಮಾತಿಗೆ ಸಾಕ್ಷಿ ಯಾರು, ಕಾಫಿ ಲೋಟವೇ?

ಬರೀ ಐಡಿಯಾಗೆ ಕಾಪಿರೈಟ್ ಇಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಬರೆದ ಕಥೆಗೆ ಉಂಟು. ಲೇಖಕ ಬದುಕಿರುವವರೆಗೆ, ಆಮೇಲೂ 60 ವರ್ಷ. ರಿಜಿಸ್ಟರ್ ಮಾಡಿಸಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ಜಗಳ ಬಂದಾಗ ಆ ಕಾಗದವೇ ಕೈಹಿಡಿಯುವುದು. 2012ರ ತಿದ್ದುಪಡಿ ಇನ್ನೊಂದು ಹಕ್ಕು ಕೊಟ್ಟಿತು: ಚಿತ್ರಮಂದಿರದ ಹೊರಗೆ ಚಿತ್ರ ಬಳಕೆಯಾದರೆ ಅದರ ರಾಯಲ್ಟಿಯಲ್ಲಿ ಬರಹಗಾರನಿಗೂ ಪಾಲು.

ಎರಡನೇ ಕಥೆಯನ್ನು ಪೂರ್ತಿ ಬರೆದೆ, ರಿಜಿಸ್ಟರ್ ಮಾಡಿಸಿದೆ. ಆಮೇಲೇ ಗಾಂಧಿನಗರದ ಬಸ್ಸು ಹತ್ತಿದ್ದು. ಬೇರೊಬ್ಬ ನಿರ್ಮಾಪಕರ ಮುಂದೆ ಕ್ಲೈಮ್ಯಾಕ್ಸಿಗೆ ಹತ್ತು ನಿಮಿಷ ಇರುವಾಗ ಗಪ್‌ಚಿಪ್ ನಿಲ್ಲಿಸಿದೆ. "ಮುಂದೇನಾಯ್ತಯ್ಯಾ?" ಎಂದು ಚಡಪಡಿಸಿದರು. "ಅಗ್ರಿಮೆಂಟು, ಅಡ್ವಾನ್ಸು... ಆಮೇಲೆ ಕ್ಲೈಮ್ಯಾಕ್ಸು ಸಾರ್" ಅಂದೆ. ಕೈಕಾಲು ನಡುಗುತ್ತಿತ್ತು. ಅವರು ಗುರಾಯಿಸಿ ನೋಡಿದರು, ಕೊನೆಗೆ ಚೆಕ್‌ಬುಕ್ ತೆಗೆದರು!

ಆ ದುಡ್ಡಿನಲ್ಲಿ ನೂರರ ಒಂದು ನೋಟನ್ನು ಮಾವನ ಆರತಿ ತಟ್ಟೆಗೆ ಹಾಕಿದೆ. ರಾಮ ಇನ್ನೂ ಬಿಲ್ಲು ಮುರಿದಿರಲಿಲ್ಲ.

ತಮ್ಮಂದಿರಾ, ನಿಮ್ಮ ಬಾಯಲ್ಲೂ ಕಥೆ ಇದೆಯಾ? ಮೊದಲು ಬರೆದಿಡಿ!