ಗುಣದಲದ ಮುಡಿಯೂ ದೇವರ ಕೃಪೆಯೂ

ಪ್ರತಿವರ್ಷ ಫೆಬ್ರವರಿ 9ರಿಂದ 11ರವರೆಗೆ ವಿಜಯವಾಡದ ಗುಣದಲ ಬೆಟ್ಟಕ್ಕೆ ಹರಿದುಬರುವ ಜನರನ್ನು ನಮ್ಮ ಓದುಗರಲ್ಲಿ ಹಲವರು ಕಂಡಿರಬಹುದು. 1924ರಲ್ಲಿ ಪಾದ್ರಿ ಆರ್ಲಾಟಿಯವರು ಸ್ಥಾಪಿಸಿದ ಮೇರಿಮಾತೆಯ ಸನ್ನಿಧಿಯಲ್ಲಿ ತೆಂಗಿನಕಾಯಿ ಒಡೆಯುವವರುಂಟು, ಮುಡಿ ಕೊಡುವವರುಂಟು. ಅವರಲ್ಲಿ ಹಿಂದೂಗಳೂ ಬಹಳ. ತಿರುಪತಿಯನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನು? ಆದರೂ ಒಂದು ಪ್ರಶ್ನೆ ಏಳುತ್ತದೆ. ಬೆಟ್ಟ ಹತ್ತಿ ಮುಡಿ ಕೊಟ್ಟರೆ ಪಾಪ ಕಳೆಯುವುದೆ?

ಕ್ರೈಸ್ತ ಶಾಸ್ತ್ರವು ಹಾಗೆ ಹೇಳುವುದಿಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದ ಪ್ರಕಾರ ರಕ್ಷಣೆಯು ದೇವರು ಕೊಡುವ ವರ; ತಾನು ದುಡಿದು ಗಳಿಸಿದೆನೆಂದು ಯಾರೂ ಬೀಗುವಂತಿಲ್ಲ. ಕನ್ನಡ ಬೈಬಲ್ಲಿನಲ್ಲಿ ಇದರ ಹೆಸರು ಕೃಪೆ. ಕ್ಯಾಥೊಲಿಕರ ಬಾಯಲ್ಲಿ ವರಪ್ರಸಾದ. ಪ್ರಸಾದಕ್ಕೆ ಬೆಲೆ ಕಟ್ಟುವವರುಂಟೆ? (ಲಡ್ಡುವಿನ ಚೀಟಿಯ ಮಾತು ಬೇರೆ.)

ಇಂಥ ಮಾತುಗಳನ್ನು ಹುಡುಕಿದವರ ಕಥೆ ನಮ್ಮೆರಡು ನಾಡುಗಳನ್ನೂ ಬೆಸೆದಿದೆ. 1805ರಲ್ಲಿ ವಿಶಾಖಪಟ್ಟಣಕ್ಕೆ ಬಂದ ಲಂಡನ್ ಮಿಷನಿನ ಕ್ರಾನ್ ಮತ್ತು ಡಿಗ್ರಾಂಜಸ್ ಎಂಬವರು, ಆನಂದರಾಯರೆಂಬ ಬ್ರಾಹ್ಮಣ ಕ್ರೈಸ್ತರ ನೆರವಿನಿಂದ ಸುವಾರ್ತೆಗಳನ್ನು ತೆಲುಗಿಗೆ ತರತೊಡಗಿದರು. 1810ರೊಳಗೆ ಇಬ್ಬರೂ ತೀರಿಕೊಂಡರು. ಅದೇ ವರ್ಷ ಅದೇ ಮಿಷನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆಸಿ, ಮುಂದೆ ಬೈಬಲ್ಲನ್ನು ಕನ್ನಡಕ್ಕೆ ತಂದರು.

ಕೃಪೆಯ ವಿಷಯದಲ್ಲಿ ಕ್ರೈಸ್ತರು ತಮ್ಮೊಳಗೇ ಕಾದಾಡಿದ್ದೂ ಉಂಟು. 1517ರಲ್ಲಿ ಲೂಥರರು ಎಬ್ಬಿಸಿದ ವಾದದ ಬಗ್ಗೆ ಕ್ಯಾಥೊಲಿಕರೂ ಲೂಥರನ್ ಸಭೆಗಳವರೂ 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಕುಳಿತು ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದರು: ಮನುಷ್ಯನ ಉದ್ಧಾರ ಕೃಪೆಯಿಂದಲೇ.

ಹಾಗಾದರೆ ಮುಡಿ? ಅದು ಕೃತಜ್ಞತೆಯ ಕಾಣಿಕೆ ಎಂದು ತಿಳಿಯುವುದು ನಮಗೆ ಸರಿಯೆನಿಸುತ್ತದೆ. ಪಾಪನಿವೇದನೆಯ ಬಳಿಕ ಗುರುಗಳು ವಿಧಿಸುವ ಪ್ರಾಯಶ್ಚಿತ್ತವೂ ಕ್ಷಮೆಯ ಕ್ರಯವಲ್ಲ. ಆದರೆ ಕದ್ದವನು ಕದ್ದದ್ದನ್ನು ಹಿಂದಿರುಗಿಸಲೇಬೇಕು.

ಕಠಿಣವಾದ ಮಾತೆಲ್ಲ ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿದೆ. ಹತ್ತು ಸಾವಿರ ತಲಾಂತುಗಳ ಸಾಲ ಹೊತ್ತ ಆಳಿಗೆ ಅರಸನು ಅದನ್ನೆಲ್ಲ ಬಿಟ್ಟುಬಿಟ್ಟನು. ಒಂದು ದಿನಾರಿಯನ್ನು ಒಂದು ದಿನದ ಕೂಲಿ, ಆರು ಸಾವಿರ ದಿನಾರಿಗಳನ್ನು ಒಂದು ತಲಾಂತು ಎಂದು ಹಿಡಿದರೆ, ಅದು ಆರು ಕೋಟಿ ದಿನಗಳ ದುಡಿಮೆ! ಹೊರಗೆ ಬಂದ ಆ ಆಳು, ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಯವನ ಕುತ್ತಿಗೆ ಹಿಡಿದನು. ಸುದ್ದಿ ಅರಸನಿಗೆ ಮುಟ್ಟಿತು; ಬಿಟ್ಟ ಸಾಲ ಮತ್ತೆ ತಲೆಯ ಮೇಲೆ ಬಿತ್ತು.

ಆಸ್ತಿಯ ಪಾಲಿನ ಜಗಳದಲ್ಲಿ ಅಣ್ಣನ ಹೊಸ್ತಿಲು ತುಳಿಯದೆ ಹತ್ತು ವರ್ಷ ಕಳೆದವರು ನಮ್ಮ ನಡುವೆಯೂ ಇದ್ದಾರೆ. ಗುಣದಲದಿಂದ ಇಳಿಯುವಾಗ ಅಂಥವರ ಲೆಕ್ಕದಲ್ಲಿ ಉಳಿದಿರುವುದು ಆ ನೂರು ದಿನಾರಿಗಳೇ.